ಯಾರಿಗೂ ಟೋಪಿ ಹಾಕದ ಟೋಪಿ

ನಾನು ಒಂದು ಟೋಪಿ. ಹೀಗೆಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಜೇಬು ಮುಟ್ಟಿ ನೋಡಿಕೊಂಡಿರುತ್ತೀರಿ. ತಪ್ಪು ನಿಮ್ಮದಲ್ಲ. ಕನ್ನಡದಲ್ಲಿ ಟೋಪಿ ಹಾಕುವುದು ಎಂದರೆ ಮೋಸ ಮಾಡುವುದು. ಆ ಮಾತನ್ನು ಮೊದಲು ಆಡಿದವರಿಗೆ ಯಾವ ಟೋಪಿಯಿಂದ ಏನು ಅನ್ಯಾಯವಾಗಿತ್ತೋ ನಾನರಿಯೆ. ನಾನಂತೂ ಯಾರಿಗೂ ಮೋಸ ಮಾಡಿದ್ದಿಲ್ಲ. ಒಂದೇ ಒಂದು ಸಲ ನನ್ನಿಂದ ಅದು ಆಗಿಬಿಡುತ್ತಿತ್ತು. ಆಗದ ಹಾಗೆ ನೋಡಿಕೊಂಡ ಇಬ್ಬರ ಋಣ ನನ್ನ ಮೇಲಿದೆ. ಅದನ್ನು ಹೇಳಿಕೊಳ್ಳಲೆಂದೇ ಈ ಕಥೆ.

ನಾನು ಬಿಸಿಲಿಗೆ ಹಾಕಿಕೊಳ್ಳುವ ಟೋಪಿಯಲ್ಲ. ನನ್ನ ಮೈ ನೀಲಿ ಬಟ್ಟೆಯದು, ಎಳೆದರೆ ಹಿಗ್ಗುತ್ತದೆ. ಮೈತುಂಬ ಮೂವತ್ತೆರಡು ಬೆಳ್ಳಿ ಬಿಲ್ಲೆಗಳು, ಒಂದೊಂದು ಬಿಲ್ಲೆಗೂ ಕೂದಲೆಳೆಗಿಂತ ತುಸು ದಪ್ಪನೆಯ ಒಂದೊಂದು ತಂತಿ. ಮನುಷ್ಯರ ಮಿದುಳಿನಲ್ಲಿ ಸದಾ ಅತಿ ಸಣ್ಣ ವಿದ್ಯುತ್ತಿನ ಅಲೆಗಳು ಏಳುತ್ತ ಬೀಳುತ್ತ ಇರುತ್ತವೆ. ತಲೆಯ ಮೇಲೆ ಕೂತು ಅವನ್ನು ಕೇಳಿಸಿಕೊಂಡು ಕಂಪ್ಯೂಟರಿಗೆ ಒಪ್ಪಿಸುವುದು ನನ್ನ ಉದ್ಯೋಗ. ನನ್ನ ಬಂಧುಬಳಗವೆಲ್ಲ ಆಸ್ಪತ್ರೆಗಳಲ್ಲಿ ಕಾಯಿಲೆಯವರ ತಲೆ ಕಾಯುತ್ತದೆ. ನನ್ನ ಪಾಲಿಗೆ ಬಂದದ್ದು ಆರೋಗ್ಯವಂತರ ತಲೆ. ಯಾವ ಕಾಯಿಲೆಯೂ ಇಲ್ಲದ ಮನುಷ್ಯ ಎರಡರಲ್ಲಿ ಒಂದನ್ನು ಹೇಗೆ ಆರಿಸಿಕೊಳ್ಳುತ್ತಾನೆ ಎಂದು ತಿಳಿಯುವುದು ನನ್ನ ಒಡೆಯರ ಹಂಬಲವಾಗಿತ್ತು.

ಹುಟ್ಟಿದ್ದು ದೂರದ ಚಳಿ ದೇಶವೊಂದರ ಸಣ್ಣ ಕಾರ್ಖಾನೆಯಲ್ಲಿ. ಕನ್ನಡಕ ಹಾಕಿದ ಒಬ್ಬ ಹೆಂಗಸು ತುಟಿಯಲ್ಲೇ ಎಣಿಸುತ್ತ ನನ್ನ ಬಿಲ್ಲೆಗಳನ್ನು ಹೊಲಿದಳು. ಬೆಸ ಅಂಕಿಯವು ಎಡಕ್ಕೆ, ಸಮ ಅಂಕಿಯವು ಬಲಕ್ಕೆ. ಮೂರು ಎಡಗಡೆ, ನಾಲ್ಕು ಬಲಗಡೆ. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಕೊನೆಯ ಗಂಟು ಹಾಕಿ ಅವಳು ನನ್ನನ್ನು ಒಮ್ಮೆ ಅಂಗೈಯಲ್ಲಿ ಸವರಿದಳು. ಅವಳ ಹೆಸರು ನನಗೆ ಗೊತ್ತಾಗಲೇ ಇಲ್ಲ.

ಡಬ್ಬಿಯಿಂದ ಹೊರಬಂದು ಕಣ್ಣುಬಿಟ್ಟದ್ದು ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯ ಎರಡನೇ ಮಹಡಿಯಲ್ಲಿ. ನನ್ನನ್ನು ಮೊದಲು ಎತ್ತಿಕೊಂಡವರು ಪುಟ್ಟಮಾದಯ್ಯ. ಅಲ್ಲಿನ ಪ್ರಯೋಗಾಲಯದ ಸಹಾಯಕರು, ಚಾಮರಾಜನಗರದ ಕಡೆಯವರು, ಐವತ್ನಾಲ್ಕು ವಯಸ್ಸು. ಗುತ್ತಿಗೆಯ ಕೆಲಸ. ಇವತ್ತಲ್ಲ ನಾಳೆ ಖಾಯಂ ಆಗುತ್ತದೆ ಎಂದು ಹನ್ನೊಂದು ವರ್ಷದಿಂದ ಕಾಯುತ್ತಿದ್ದರು. ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನವ್ವ, ಹಲಸಿನಣ್ಣಿಗೆ ಸ್ವೆಟರ್ ಹೊಲ್ದಂಗದೆ!" ಎಂದರು.

ಪಕ್ಕದಲ್ಲಿ ನಿಂತು ನಕ್ಕವಳು ವನಮಾಲಾ. ತಿ. ನರಸೀಪುರದ ಹುಡುಗಿ, ತಂದೆ ಅಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದವರು. ನಿರ್ಧಾರ ಮಾಡುವ ಮಿದುಳಿನ ಬಗ್ಗೆ ಪಿಎಚ್.ಡಿ. ಮಾಡಲು ಬಂದಿದ್ದಳು. ನಾನು ಬಂದದ್ದು ಅವಳ ಕೆಲಸಕ್ಕಾಗಿಯೇ.

ಚಪ್ಪಲಿ, ಕುರ್ಚಿ, ಸೈಕಲ್ಲು ಎಲ್ಲ ತಮ್ಮ ಕಥೆ ಹೇಳುವಾಗ ಜನರನ್ನು ಕೆಳಗಿನಿಂದ ನೋಡಿ ಹೇಳುತ್ತವೆ. ನನಗೆ ದೇವರು ಮೇಲಿನ ಜಾಗ ಕೊಟ್ಟ. ಆದರೆ ಅದಕ್ಕೆ ಜಂಬ ಪಡುವ ಹಾಗಿರಲಿಲ್ಲ, ಯಾಕೆಂದರೆ ಮೊದಲ ಮೂರು ವಾರ ನನ್ನ ಕೆಳಗೆ ತಲೆಯೇ ಬರಲಿಲ್ಲ. ವನಮಾಲಾ ಸಂಸ್ಥೆಯ ಗೇಟಿನ ಹತ್ತಿರ ಒಂದು ಪ್ರಕಟಣೆ ಅಂಟಿಸಿದ್ದಳು: "ಪ್ರಯೋಗಕ್ಕೆ ಆರೋಗ್ಯವಂತ ವಯಸ್ಕರು ಬೇಕಾಗಿದ್ದಾರೆ. ಒಂದು ಗಂಟೆ ಕಾಲ ಟೋಪಿ ಹಾಕಲಾಗುವುದು. ಯಾವ ಅಪಾಯವೂ ಇಲ್ಲ." ಓದಿದವರು ನಗುತ್ತಾ ಮುಂದೆ ಹೋದರು. ಯಾರೋ ಪುಣ್ಯಾತ್ಮರು ಅದರ ಕೆಳಗೆ ಪೆನ್ನಿನಲ್ಲಿ, "ಈಗಾಗಲೇ ಬೇಕಾದಷ್ಟು ಜನ ಹಾಕಿದ್ದಾರೆ, ತಲೆಯಲ್ಲಿ ಜಾಗವಿಲ್ಲ" ಎಂದು ಬರೆದರು.

ವನಮಾಲಾ ಆ ಕಾಗದ ಹರಿದುಕೊಂಡು ಬಂದು ಅಳುಮುಖ ಮಾಡಿ ಕೂತಳು. ಮಾದಯ್ಯ ಅದನ್ನು ಅಕ್ಷರ ಅಕ್ಷರವಾಗಿ ಓದಿದರು.

"ಮೇಡಂನೋರೇ, ಹಾಕ್ತೀವಿ ಅಂದ್ರೆ ಯಾರವ್ವ ಬಂದಾರು? ತೊಡುಸ್ತೀವಿ ಅಂತ ಬರೀರಿ. ಹಾಕೋದು ಬ್ಯಾರೆ, ತೊಡ್ಸೋದು ಬ್ಯಾರೆ."

ಅವಳು ಹಾಗೇ ಬರೆದಳು. ಮರುವಾರವೇ ಆರು ಜನ ಬಂದರು. ಒಂದು ಮಾತು ತಿದ್ದಿ ನನಗೆ ಜೀವನೋಪಾಯ ಮಾಡಿಕೊಟ್ಟವರು ಮಾದಯ್ಯ.

ಆಮೇಲೆ ನೋಡಿ ನನ್ನ ವೈಭವ! ಬಸ್ ಕಂಡಕ್ಟರು, ನರ್ಸು, ಹೂ ಮಾರುವಾಕೆ, ಶಾಲೆಯ ಪಿ.ಟಿ. ಮೇಷ್ಟರು. ಬಂದವರನ್ನೆಲ್ಲ ಮಾದಯ್ಯ ಮೊದಲು ಕೇಳುತ್ತಿದ್ದದ್ದು, "ತಲೆಗೆ ಎಣ್ಣೆ ಹಚ್ಚಿದ್ದೀರಾ?" ಎಂದು. ಎಣ್ಣೆ ಇದ್ದರೆ ನನ್ನ ಬಿಲ್ಲೆಗಳಿಗೆ ಏನೂ ಕೇಳಿಸುವುದಿಲ್ಲ. ಹಚ್ಚಿಲ್ಲ ಎಂದು ಬಾಯಲ್ಲಿ ಹೇಳಿದರೂ ಕೊಬ್ಬರಿ ಎಣ್ಣೆಯ ಘಮ ಬೇರೆಯೇ ಹೇಳುತ್ತಿತ್ತು. ಅಂಥವರನ್ನು ಹಿಂದಿನ ನಲ್ಲಿಯ ಹತ್ತಿರ ಕೂರಿಸಿ ಶಾಂಪೂ ಕೊಟ್ಟು ತಲೆ ತೊಳೆಸುತ್ತಿದ್ದರು. ಆಮೇಲೆ ನನ್ನನ್ನು ತೊಡಿಸಿ, ಗದ್ದದ ಕೆಳಗೆ ಪಟ್ಟಿ ಕಟ್ಟಿ, ಒಂದೊಂದು ಬಿಲ್ಲೆಯ ತೂತಿಗೂ ತಣ್ಣನೆಯ ಜೆಲ್ ತುಂಬುವುದು. ತುಂಬುವ ಸಾಧನ ಇಂಜೆಕ್ಷನ್ ಕೊಡುವ ಸಿರಿಂಜಿನ ಹಾಗೇ ಇರುತ್ತದೆ, ತುದಿ ಮಾತ್ರ ಮೊಂಡು. ಅದನ್ನು ಕಂಡು ಎದ್ದು ಹೊರಟವರೂ ಉಂಟು.

ಆಟ ಬಹಳ ಸರಳ. ಪರದೆಯ ಮೇಲೆ ಎರಡು ಮಡಕೆ, ಎಡಕ್ಕೊಂದು ಬಲಕ್ಕೊಂದು. ಎಡದ್ದು ಬೇಕಾದರೆ ಎಡಗೈ ಗುಂಡಿ ಒತ್ತಬೇಕು, ಬಲದ್ದು ಬೇಕಾದರೆ ಬಲಗೈ ಗುಂಡಿ. ಒಂದು ಮಡಕೆ ಹೆಚ್ಚು ಸಲ ಲಾಡು ಕೊಡುತ್ತದೆ, ಇನ್ನೊಂದು ಅಪರೂಪಕ್ಕೆ. ಜನ ಹೊಂದಿಕೊಂಡು ಹಾಯಾಗಿ ಲಾಡು ಗೆಲ್ಲುತ್ತಿರುವಾಗ, ಹೇಳದೆ ಕೇಳದೆ ಮಡಕೆಗಳ ಗುಣ ಅದಲು ಬದಲಾಗುತ್ತದೆ. ಒಳ್ಳೆಯದು ಕೈಕೊಡುತ್ತದೆ. ಆಗ ಹಳೆಯ ಮಡಕೆಯನ್ನೇ ನಂಬಬೇಕೇ, ಬಿಡಬೇಕೇ? ಆ ನಿರ್ಧಾರದ ಗಳಿಗೆಯೇ ವನಮಾಲಾಗೆ ಬೇಕಾದದ್ದು. ಕೆಲವರು ಎರಡು ಸಲ ಸೋತೊಡನೆ ಬಿಡುತ್ತಿದ್ದರು. ಪಿ.ಟಿ. ಮೇಷ್ಟರು ಹದಿನಾಲ್ಕು ಸಲ ಸೋತರೂ ಬಿಡದೆ, "ಕೊಡುತ್ತೆ ಮೇಡಂ, ಮೊದಲು ಕೊಡ್ತಿತ್ತಲ್ಲ" ಎನ್ನುತ್ತಲೇ ಇದ್ದರು. ಆಟ ಮುಗಿದ ಮೇಲೆ ಎಲ್ಲರಿಗೂ ಎರಡು ನಿಜವಾದ ಲಾಡು.

ತಲೆಯೊಳಗೆ ಆಗ ಏನಾಗುತ್ತದೆ ಎಂದು ಮಾದಯ್ಯನಿಗೂ ಕುತೂಹಲ. ಒಂದು ಮಧ್ಯಾಹ್ನ ವನಮಾಲಾ ಬಿಡಿಸಿ ಹೇಳಿದಳು. ಮಿದುಳಿನ ಒಂದೊಂದು ಜಾಗ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ದೂರ ದೂರದ ಜಾಗಗಳು ಸೇರಿ ಜಾಲ ಕಟ್ಟಿಕೊಂಡಿರುತ್ತವೆ. ಒಂದು ಜಾಲ ತನ್ನಷ್ಟಕ್ಕೆ ಹಿಂದಿನದನ್ನು ನೆನೆಯುತ್ತ, ಮುಂದಿನದನ್ನು ಊಹಿಸುತ್ತ ಇರುತ್ತದೆ. ಇನ್ನೊಂದು, ಗಮನಿಸಬೇಕಾದ್ದು ಏನಾದರೂ ನಡೆದರೆ ಎಚ್ಚರಿಸುತ್ತದೆ. ಮತ್ತೊಂದು, ಗುರಿಯನ್ನು ಬಿಗಿಹಿಡಿದು ಕೆಲಸ ಮಾಡಿಸುತ್ತದೆ.

ಮಾದಯ್ಯ ತಲೆ ಕೆರೆದುಕೊಂಡರು. "ಅಂಗಾರೆ ತುಂಬಿದ ಮನೆ ಇದ್ದಂಗೆ ಅನ್ನಿ. ಒಬ್ಳು ಕೂತ್ಕಂಡು ಹಳೇದ್ನೆಲ್ಲ ನೆನೀತಾಳೆ. ಒಬ್ಳು ಹಾಲು ಉಕ್ತು ಅಂತ ಕೂಗ್ತಾಳೆ. ಒಬ್ಳು ಎದ್ದೋಗಿ ಒಲೆ ಆರುಸ್ತಾಳೆ."

"ಅದೇ ಮಾದಯ್ಯನೋರೇ! ನನ್ನ ಪುಸ್ತಕದಲ್ಲಿ ಇಷ್ಟು ಚೆನ್ನಾಗಿಲ್ಲ."

"ಸರಿ, ಮನೆ ಯಜಮಾನ ಯಾರು?"

"ಯಜಮಾನ ಅಂತ ಯಾರೂ ಇಲ್ಲ. ಇವರೆಲ್ಲ ಒಬ್ಬರಿಗೊಬ್ಬರು ಮಾತಾಡಿಕೊಳ್ತಾರಲ್ಲ, ಅದರಲ್ಲೇ ನಿರ್ಧಾರ ಆಗಿಹೋಗುತ್ತೆ."

"ಯಜಮಾನಿಲ್ದೆ ಮನೆ ನಡೀತದಾ?" ಎಂದು ಮಾದಯ್ಯ ಎರಡು ದಿನ ನಂಬಲಿಲ್ಲ.

ನನಗೂ ಎಲ್ಲ ಕೇಳಿಸುತ್ತದೆ ಎಂದು ತಿಳಿಯಬೇಡಿ. ಮದುವೆ ಛತ್ರದ ಗೋಡೆಯಾಚೆ ನಿಂತವರಿಗೆ ಒಳಗಿನ ಗದ್ದಲ ಕೇಳುತ್ತದೆ. ತಾಳಿ ಕಟ್ಟುವ ಹೊತ್ತಾಯಿತು ಎಂದು ಗಟ್ಟಿಮೇಳದಿಂದ ಗೊತ್ತಾಗುತ್ತದೆ. ಹೆಣ್ಣಿನ ಮನಸ್ಸಿನಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ. ನನ್ನದೂ ಅಷ್ಟೇ. ಮೂಳೆ, ಚರ್ಮ, ಕೂದಲು ದಾಟಿ ಬಂದದ್ದಷ್ಟು ನನ್ನ ಪಾಲು. ಆದರೂ ಕೆಲವು ಗುಟ್ಟು ಸಿಕ್ಕುತ್ತವೆ. ಮನುಷ್ಯ ತಪ್ಪು ಗುಂಡಿ ಒತ್ತಿದರೆ, ಅವನ ಬಾಯಿ "ಅಯ್ಯೋ" ಎನ್ನುವ ಮೊದಲೇ ನೆತ್ತಿಯ ಮುಂಭಾಗದಲ್ಲಿ ಒಂದು ಅಲೆ ಸರಕ್ಕನೆ ಇಳಿಯುತ್ತದೆ. ಕೈ ಆಡಿಸುವಾಗಲೂ ಹಾಗೇ. ಬಲಗೈ ಕೆಲಸಕ್ಕೆ ಸಿದ್ಧವಾದರೆ ತಲೆಯ ಎಡಭಾಗದ ಅಲೆ ತಗ್ಗುತ್ತದೆ, ಕೂಲಿಯವರು ಹರಟೆ ಬಿಟ್ಟು ಕೆಲಸಕ್ಕೆ ಕೂತಂತೆ. ಎಡಗೈಯಾದರೆ ಬಲಭಾಗದ್ದು. ಅದನ್ನು ಕೇಳಿಸಿಕೊಳ್ಳುವ ನನ್ನ ಕಿವಿಗಳೇ ಆ ಮೂರು ಮತ್ತು ನಾಲ್ಕನೆಯ ಬಿಲ್ಲೆಗಳು.

ಹನ್ನೊಂದನೆಯವರಾಗಿ ಬಂದವರು ಗರಡಿ ಮನೆಯ ಪೈಲ್ವಾನ್ ಬೋರಣ್ಣ. ತಲೆಯೋ, ಕಾಳಿನ ಹಂಡೆ. ಮಾದಯ್ಯ ಎಳೆದೂ ಎಳೆದೂ ತೊಡಿಸಿದರು. ನಾನು ಉಸಿರು ಬಿಗಿಹಿಡಿದು ಆಟ ಮುಗಿಸಿದೆ. ಇನ್ನೇನು ತೆಗೆಯಬೇಕು, ಪೈಲ್ವಾನರು ಒಂದು ಸೀನು ಸೀನಿದರು. ಪಟಪಟನೆ ಎರಡು ಹೊಲಿಗೆ ಬಿಚ್ಚಿಕೊಂಡವು. ಮೂರು, ನಾಲ್ಕು, ಎರಡೂ ಬಿಲ್ಲೆಗಳು ತಂತಿಯಲ್ಲಿ ನೇತಾಡಿದವು. ವನಮಾಲಾ ಪೈಲ್ವಾನರಿಗೆ ಲಾಡು ಕೊಡಲು ಆಚೆ ಕೋಣೆಗೆ ಹೋಗಿದ್ದಳು. ಹನ್ನೆರಡನೆಯವರು ಆಗಲೇ ಬಂದು ಕೂತಿದ್ದರು. ಅವರು ಲೂರ್ದಮ್ಮ, ಚರ್ಚಿನ ಹಿಂದಿನ ಬೀದಿಯಲ್ಲಿ ಬ್ಲೌಸ್ ಹೊಲಿಯುವವರು. ಸೂಜಿದಾರವಿಲ್ಲದೆ ಅವರು ಎಲ್ಲಿಗೂ ಹೋಗುತ್ತಿರಲಿಲ್ಲ.

"ನೀಲಿ ಇಲ್ಲ ಕಣಣ್ಣ, ಕೆಂಪೇ ಇರೋದು."

"ಕೆಂಪೇ ಕೊಡ್ರವ್ವ, ಸೀರೆಗಾ ಹೊಲೀತಿರೋದು?"

ಮಾದಯ್ಯನ ಅಭ್ಯಾಸವೊಂದಿತ್ತು. ಪ್ರತಿ ಸಲವೂ ನನ್ನನ್ನು ಒಳಹೊರಗು ಮಾಡಿ, ಬೆಚ್ಚಗಿನ ನೀರಿನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ಜೆಲ್ ತೊಳೆದು, ಟವೆಲಿನಲ್ಲಿ ಒತ್ತಿ ಒರೆಸುತ್ತಿದ್ದರು. ಅವತ್ತೂ ಹಾಗೇ ಮಾಡಿದರು. ತೊಳೆದ ಮೇಲೆ ಹಾಗೇ ಮಂಡಿಯ ಮೇಲಿಟ್ಟುಕೊಂಡು ಹೊಲಿದರು. ಮೂರು ಎಡಕ್ಕೆ, ನಾಲ್ಕು ಬಲಕ್ಕೆ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಾಯಲ್ಲಿ ಹೇಳಿಕೊಂಡೇ ಹೊಲಿದರು. ಆದರೆ ಆಗ ನಾನು ಒಳಹೊರಗಾಗಿದ್ದೆ. ಅಂಗಿಯನ್ನು ತಿರುವು ಮುರುವು ಮಾಡಿದರೆ ಎಡತೋಳು ಬಲಕ್ಕೆ ಬರುತ್ತದಲ್ಲ, ಹಾಗೆ. ಮತ್ತೆ ನೆಟ್ಟಗೆ ಮಾಡಿದಾಗ ನನ್ನ ಎಡಗಿವಿ ಬಲಕ್ಕೂ ಬಲಗಿವಿ ಎಡಕ್ಕೂ ಬಂದಿತ್ತು. ಕೆಂಪು ದಾರ ತಂತಿಗಳ ಅಡಿಯಲ್ಲಿ ಮುಚ್ಚಿಹೋಗಿ ಯಾರ ಕಣ್ಣಿಗೂ ಬೀಳಲಿಲ್ಲ.

ನನಗೆ ಗೊತ್ತಿತ್ತು. ಹೇಳಲು ಬಾಯಿರಲಿಲ್ಲ. ಲೂರ್ದಮ್ಮನಿಂದ ಹಿಡಿದು ನಲವತ್ತನೆಯವರ ತನಕ, ಎಲ್ಲರ ಬಲವನ್ನು ಎಡವೆಂದೂ ಎಡವನ್ನು ಬಲವೆಂದೂ ಕಂಪ್ಯೂಟರಿಗೆ ಒಪ್ಪಿಸಿದೆ. ಅಷ್ಟು ತಿಂಗಳು ನನಗೆ ಒಂದು ದಿನವೂ ಸಮಾಧಾನವಿರಲಿಲ್ಲ.

ವನಮಾಲಾ ಎಲ್ಲರದನ್ನೂ ಒಟ್ಟು ಸೇರಿಸಿ ನೋಡಿದಾಗ ಒಂದು ವಿಚಿತ್ರ ಕಂಡಿತು. ಜನ ಬಲಗೈ ಗುಂಡಿ ಒತ್ತುತ್ತಾರೆ, ಆದರೆ ಅದಕ್ಕೆ ಮುಂಚೆ ತಲೆ ಎಡಗೈಯನ್ನು ಸಿದ್ಧ ಮಾಡಿರುತ್ತದೆ! ಅವಳ ಮಾರ್ಗದರ್ಶಕರು ನಂಜುಂಡಾರಾಧ್ಯ ಸರ್. ಬೇರೆ ದಿನವಾಗಿದ್ದರೆ ನೂರು ಪ್ರಶ್ನೆ ಕೇಳುತ್ತಿದ್ದವರು. ಆದರೆ ಸಂತೋಷ ಮುಂಬಾಗಿಲಿಂದ ಬಂದಾಗ ಅನುಮಾನ ಹಿತ್ತಲ ಬಾಗಿಲಿಂದ ಹೋಗಿಬಿಡುತ್ತದೆ.

"ವನಮಾಲಾ, ಇದರರ್ಥ ಏನು ಗೊತ್ತಾ? ಮನುಷ್ಯ ಒಂದನ್ನು ಆರಿಸಿಕೊಂಡು, ಕೊನೇ ಗಳಿಗೇಲಿ ಮನಸ್ಸು ಬದಲಾಯಿಸ್ತಾನೆ. ಕೈಗೆ ಮಾತ್ರ ಅದು ಗೊತ್ತು! ಇದನ್ನ ಯಾರೂ ಇಷ್ಟು ಸ್ಪಷ್ಟವಾಗಿ ತೋರಿಸಿಲ್ಲ."

ಕೋಲ್ಕತ್ತಾದ ಒಂದು ಸಮ್ಮೇಳನಕ್ಕೆ ಹೆಸರು ಕಳಿಸಿದರು. ಅಲ್ಲಿ ಮೆಚ್ಚುಗೆಯಾದರೆ ಸಂಸ್ಥೆಯಲ್ಲಿ ಖಾಲಿ ಇದ್ದ ಒಂದು ಹುದ್ದೆ ಅವಳಿಗೇ ಎಂಬ ಮಾತೂ ಬಂತು. ಅದೇ ತಿಂಗಳು ಮಾದಯ್ಯನ ಖಾಯಮಾತಿಯ ಕಡತವೂ ಮೇಜಿನಿಂದ ಮೇಜಿಗೆ ಸರಿಯತೊಡಗಿತ್ತು. ಇಬ್ಬರ ಮುಖದಲ್ಲೂ ಹಬ್ಬದ ಕಳೆ.

ಸಮ್ಮೇಳನಕ್ಕೆ ಒಂದು ವಾರವಿತ್ತು. ಕೇಳುಗರಿಗೆ ಸುಲಭವಾಗಿ ತಿಳಿಯುವಂಥ ಒಂದು ಚಿತ್ರ ಬೇಕು ಎಂದು ಆರಾಧ್ಯ ಸರ್ ಹೇಳಿದ್ದರು. ಬಲಗೈ ಮುಷ್ಟಿ ಬಿಗಿದಾಗ ಎಡಗಡೆಯ ಅಲೆ ತಗ್ಗುವ ಚಿತ್ರ. ಅದು ಎಲ್ಲ ಪುಸ್ತಕಗಳಲ್ಲೂ ಇರುವ ಹಳೆಯ ಸಂಗತಿ. ಅದಕ್ಕೆ ಬೇರೆಯವರನ್ನು ಕರೆಸುವುದೇಕೆಂದು ವನಮಾಲಾ ತಾನೇ ಕುರ್ಚಿಯಲ್ಲಿ ಕೂತಳು. ಅಷ್ಟು ದಿನ ಎಲ್ಲರಿಗೂ ನನ್ನನ್ನು ತೊಡಿಸಿದ್ದ ಹುಡುಗಿಯ ತಲೆಯ ಮೇಲೆ ನಾನು ಮೊದಲ ಸಲ ಕೂತೆ. ಮಾದಯ್ಯ ಪಟ್ಟಿ ಕಟ್ಟಿ ಜೆಲ್ ತುಂಬಿದರು. ಎದುರಿನ ಪರದೆಯಲ್ಲಿ ಗೆರೆಗಳು ಓಡತೊಡಗಿದವು.

ಅವಳು ಬಲಗೈ ಮುಷ್ಟಿ ಬಿಗಿದಳು. ನಾಲ್ಕನೆಯ ಗೆರೆ ತಗ್ಗಿತು. ಬಲಗಡೆಯದು.

ಮತ್ತೆ ಬಿಗಿದಳು. ಮತ್ತೆ ನಾಲ್ಕು.

"ಮಾದಯ್ಯನೋರೇ," ಎಂದಳು, "ಇದು ಬಲಗೈ ತಾನೆ?"

"ಇದೇನವ್ವ ಇಂಗೆ ಕೇಳ್ತೀರಿ? ಉಣ್ಣೋ ಕೈ ಕಣವ್ವ ಅದು!"

ಅವಳು ನಗಲಿಲ್ಲ. ಬೆರಳೆತ್ತಿ ತಲೆಯ ಎಡಗಡೆಯ ಬಿಲ್ಲೆಯನ್ನು ಮೆಲ್ಲಗೆ ತಟ್ಟಿದಳು. ಮೂರನೆಯ ಗೆರೆ ಕುಣಿಯಬೇಕಿತ್ತು. ನಾಲ್ಕನೆಯದು ಕುಣಿಯಿತು. ಬಿಲ್ಲೆಯ ಸುತ್ತ ಅವಳ ಉಗುರಿಗೆ ದಪ್ಪ ದಾರ ಸಿಕ್ಕಿತು.

"ಇಲ್ಲಿ ಯಾರಾದರೂ ಹೊಲಿದಿದ್ದಾರಾ?"

ಮಾದಯ್ಯನ ಬೆರಳು ಆಗ ನನ್ನ ಪಟ್ಟಿಯ ಮೇಲಿತ್ತು. ಅವರ ತಲೆಯ ಮೇಲೆ ನಾನಿರಲಿಲ್ಲ, ಆದ್ದರಿಂದ ಒಳಗೆ ಏನು ನಡೆಯಿತೋ ಹೇಳಲಾರೆ. ಕೆಂಪು ದಾರಕ್ಕೆ ಲೂರ್ದಮ್ಮನ ಹೊರತು ಸಾಕ್ಷಿ ಯಾರೂ ಇರಲಿಲ್ಲ. ನಂಗೊತ್ತಿಲ್ಲ ಕಣವ್ವ ಎಂದಿದ್ದರೆ ಮುಗಿದುಹೋಗುತ್ತಿತ್ತು. ಕಡತ ತನ್ನ ಪಾಡಿಗೆ ಮುಂದೆ ಸರಿಯುತ್ತಿತ್ತು.

"ನಾನೇ ಹೊಲ್ದುದ್ದು," ಎಂದರು. "ಪೈಲ್ವಾನ್ರು ಸೀನುದ್ರಲ್ಲ, ಅವತ್ತು. ಲೂರ್ದಮ್ಮನೋರ ತಾವ ದಾರ ಈಸ್ಕಂಡೆ. ಒಳಮಗ್ಗುಲು ಮಾಡಿ ತೊಳ್ದಿದ್ನಲ್ಲ, ಅಂಗೇ ಹೊಲ್ದ್ಬುಟ್ಟೆ. ತಿರುಗ್ಸಿ ನೋಡ್ನಿಲ್ಲ. ತಪ್ಪಾಗೋಯ್ತಾ ಮೇಡಂ?"

ಮಾದಯ್ಯ ಬಾಗಿಲ ಬಳಿ ಸರಿದು ನಿಂತರು. ವನಮಾಲಾ ಗೆರೆಗಳನ್ನು ಮತ್ತೊಮ್ಮೆ ನೋಡಿದಳು. ಹಾಗಾದರೆ ಹೊಸ ಸಂಗತಿಯೂ ಇಲ್ಲ, ಕೊನೆಗಳಿಗೆಯಲ್ಲಿ ಬದಲಾದ ಮನಸ್ಸೂ ಇಲ್ಲ. ಇದ್ದದ್ದು ಅದಲುಬದಲಾದ ಎರಡು ಬಿಲ್ಲೆ.

ಅಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಫೋನ್ ರಿಂಗಾಯಿತು. ಪರದೆಯ ಮೇಲೆ ಆರಾಧ್ಯ ಸರ್ ಹೆಸರು.

ಆ ಫೋನ್ ಐದು ಸಲ ರಿಂಗಾಯಿತು. ಆ ಐದು ಸಲದ ಹೊತ್ತು ನಾನು ಅವಳ ತಲೆಯ ಮೇಲಿದ್ದೆ. ನೂರಾರು ತಲೆಗಳ ಸಾವಿರಾರು ನಿರ್ಧಾರಗಳನ್ನು ಕೇಳಿದ್ದೇನೆ, ಅಂಥದ್ದನ್ನು ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. ನೆತ್ತಿಯ ಮುಂದೆ ಎಚ್ಚರಿಕೆಯ ಅಲೆ ಎದ್ದು ಎದ್ದು ಬೀಳುತ್ತಿತ್ತು. ಹಾಲು ಉಕ್ಕುತ್ತಿದೆ ಎಂದು ಮನೆಯವಳು ಕೂಗುತ್ತಲೇ ಇದ್ದಳು. ಹಿಂಬದಿಯ ಅಲೆಗಳು ಮಂದವಾಗಿ ತೂಗುತ್ತಿದ್ದವು. ಅಲ್ಲಿ ಕೂತವಳು ಏನನ್ನು ನೆನೆಯುತ್ತಿದ್ದಳೋ. ನರಸೀಪುರದ ಟೈಪಿಂಗ್ ಶಾಲೆಯನ್ನೋ, ಕೋಲ್ಕತ್ತಾದ ವೇದಿಕೆಯನ್ನೋ, ಖಾಲಿ ಇರುವ ಹುದ್ದೆಯನ್ನೋ, ಬಾಗಿಲ ಬಳಿ ಕೈಕಟ್ಟಿ ನಿಂತ ಮಾದಯ್ಯನನ್ನೋ. ಒಲೆಯ ಕಡೆ ಏಳಬೇಕಾದವಳು ಏಳುತ್ತಿದ್ದಳು, ಕೂರುತ್ತಿದ್ದಳು. ಒಳಗೆ ಜಗಳವಾಗುತ್ತಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಯಾರು ಗೆಲ್ಲುತ್ತಾರೆ ಎಂದು ಗೊತ್ತಾಗಲಿಲ್ಲ. ಮೂವತ್ತೆರಡು ಕಿವಿಗಳಿದ್ದೂ ಅವತ್ತು ನಾನು ಕಿವುಡನ ಹಾಗೆ ಕಾದೆ.

ಐದನೆಯ ಸಲಕ್ಕೆ ಅವಳ ಬಲಗೈ ಮುಂದೆ ಹೋಯಿತು. ಕಿವಿಯ ಮೇಲೆ ನನ್ನ ತಂತಿಗಳಿದ್ದವು, ಹಾಗಾಗಿ ಸ್ಪೀಕರಿಗೆ ಹಾಕಿದಳು.

"ಏನಮ್ಮಾ, ಚಿತ್ರ ಸಿದ್ಧವಾಯ್ತಾ?"

"ಇಲ್ಲ ಸರ್. ಒಂದು ತಪ್ಪಾಗಿದೆ. ಟೋಪಿಯ ಮೂರು, ನಾಲ್ಕು ಅದಲು ಬದಲಾಗಿವೆ. ಹನ್ನೆರಡನೆಯವರಿಂದ ಮುಂದಕ್ಕೆ ಎಲ್ಲ ತಿರುಗುಮುರುಗು."

"ಖಂಡಿತವಾ?"

"ಖಂಡಿತ ಸರ್. ಈಗ ನನ್ನ ತಲೆ ಮೇಲೇ ಇದೆ."

"ಸಮ್ಮೇಳನಕ್ಕೆ ಒಂದು ವಾರ ಇದೆ ವನಮಾಲಾ. ಹೆಸರು ಹೋಗಿದೆ."

"ಗೊತ್ತು ಸರ್. ಆದರೆ ನಲವತ್ತು ಜನಕ್ಕೆ ಇಷ್ಟು ದಿನ ಟೋಪಿ ತೊಡಿಸಿದ್ದೀನಿ. ಈಗ ಸುಮ್ಮನಿದ್ದುಬಿಟ್ಟರೆ ಅವರಿಗೆಲ್ಲ ಹಾಕಿದ ಹಾಗಾಗುತ್ತೆ."

ಬಾಗಿಲ ಬಳಿ ನಿಂತಿದ್ದ ಮಾದಯ್ಯ ತಲೆ ತಗ್ಗಿಸಿದರು. ಆರಾಧ್ಯ ಸರ್ ಒಂದು ನಿಟ್ಟುಸಿರು ಬಿಟ್ಟು, "ಸರಿ, ಬರ್ತೀನಿ ಇರು. ಹೆಸರು ವಾಪಸ್ ತಗೊಳ್ಳೋಣ" ಎಂದರು. ಅವರನ್ನೂ ನಾನು ನೆನೆಯಬೇಕು. ಬೈಯಬಹುದಿತ್ತು, ಬೈಯಲಿಲ್ಲ. ಹಿತ್ತಲಿಗೆ ಹೋಗಿದ್ದ ಅನುಮಾನವನ್ನು ಕೈಹಿಡಿದು ಒಳಗೆ ಕರೆದುಕೊಂಡರು.

ಫೋನಿಟ್ಟ ಮೇಲೆ ವನಮಾಲಾ ಅತ್ತಳು. ಜೆಲ್ ಕೆನ್ನೆಯ ಮೇಲೆ ಇಳಿದಿತ್ತೋ ಕಣ್ಣೀರೋ ಎಂದು ತಿಳಿಯದ ಹಾಗೆ ಅತ್ತಳು. ಮಾದಯ್ಯ ನನ್ನನ್ನು ಒರೆಸುವ ಟವೆಲನ್ನೇ ಅವಳ ಕೈಗೆ ಕೊಟ್ಟರು. "ನನ್ ಹೆಸರೇ ಬರ್ದುಬುಡಿ ಮೇಡಂ. ನಿಮ್ದೇನೂ ತಪ್ಪಿಲ್ಲ" ಎಂದರು.

ಅವಳು ಅವರ ಹೆಸರು ಬರೆದಳು. ಆದರೆ ಅವರು ಅಂದುಕೊಂಡ ಹಾಗಲ್ಲ. ವರದಿಯಲ್ಲಿ ಬರೆದದ್ದು ಹೀಗೆ: "ಪ್ರತಿ ಸಲವೂ ಪರೀಕ್ಷಿಸಿ ನೋಡಬೇಕಾದದ್ದು ನನ್ನ ಕೆಲಸವಾಗಿತ್ತು, ನೋಡಲಿಲ್ಲ. ತಪ್ಪು ಯಾವ ದಿನದಿಂದ ಎಂದು ಖಚಿತವಾಗಿ ತಿಳಿಸಿ ಎಲ್ಲ ದಾಖಲೆ ಉಳಿಸಿಕೊಟ್ಟವರು ಶ್ರೀ ಪುಟ್ಟಮಾದಯ್ಯ." ಅದು ನಿಜವೂ ಹೌದು. ಪೈಲ್ವಾನರ ಸೀನು, ಲೂರ್ದಮ್ಮನ ದಾರ ಅವರಿಗೆ ನೆನಪಿರದಿದ್ದರೆ ನಲವತ್ತು ಜನರ ಶ್ರಮ ಕಸದಬುಟ್ಟಿಗೆ ಹೋಗುತ್ತಿತ್ತು. ದಿನ ಗೊತ್ತಾದ್ದರಿಂದ ಹನ್ನೆರಡರಿಂದ ಮುಂದಿನವರ ಮೂರನ್ನು ನಾಲ್ಕೆಂದೂ ನಾಲ್ಕನ್ನು ಮೂರೆಂದೂ ತಿದ್ದಿದರೆ ಸಾಕಾಯಿತು.

ತಿದ್ದಿದ ಮೇಲೆ ಉಳಿದದ್ದು ಒಂದು ಸಾಧಾರಣ ಮಾತು. ಮಡಕೆ ಕೈಕೊಟ್ಟಾಗ ಯಾರ ತಲೆಯಲ್ಲಿ ಎಚ್ಚರಿಕೆಯ ಅಲೆ ಜೋರಾಗಿ ಏಳುತ್ತದೋ, ಅವರು ಹಳೆಯದನ್ನು ಬೇಗ ಬಿಡುತ್ತಾರೆ. ಇಂಥದ್ದನ್ನು ಬೇರೆಯವರೂ ಹಿಂದೆ ಹೇಳಿದ್ದರು. ಕೋಲ್ಕತ್ತಾ ತಪ್ಪಿತು, ಆ ಹುದ್ದೆ ಬೇರೆಯವರಿಗೆ ಹೋಯಿತು, ಅವಳ ಪಿಎಚ್.ಡಿ. ಎಂಟು ತಿಂಗಳು ತಡವಾಯಿತು. ಮಾದಯ್ಯನ ಕಡತ ಒಂದು ವರ್ಷ ಅಲುಗದೆ ಕೂತು, ಆಮೇಲೆ ಅಂತೂ ಖಾಯಂ ಆಯಿತು. ಬಿಲ್ಲೆಗಳನ್ನು ಬಿಚ್ಚಿ ಸರಿಯಾದ ಜಾಗಕ್ಕೆ ಹೊಲಿಯುವಾಗ ಅವರು ಅದೇ ಕೆಂಪು ದಾರ ಬಳಸಿದರು. ಈ ಸಲ ಅವಳನ್ನು ಎದುರಿಗೆ ಕೂರಿಸಿಕೊಂಡು, ನನ್ನನ್ನು ನೆಟ್ಟಗೆ ಇಟ್ಟುಕೊಂಡು ಹೊಲಿದರು.

ವನಮಾಲಾ ಬೇರೆ ಊರಿನಲ್ಲಿ ಮೂರು ವರ್ಷ ಪಾಠ ಮಾಡಿ, ಅದೇ ಸಂಸ್ಥೆಗೆ ಅಧ್ಯಾಪಕಿಯಾಗಿ ಹಿಂದಿರುಗಿದಳು. ಅವಳು ಮಾಡಿದ ಮೊದಲ ಕಟ್ಟಳೆಯೆಂದರೆ, ಟೋಪಿ ತೊಡಿಸಿದ ಕೂಡಲೇ ಬಲಗೈ ಮುಷ್ಟಿ ಬಿಗಿಸಿ, ಎಡಗಡೆಯ ಗೆರೆ ತಗ್ಗುತ್ತದೆಯೇ ನೋಡಬೇಕು. ನೋಡದೆ ಆಟ ಶುರು ಮಾಡುವ ಹಾಗಿಲ್ಲ. ಇದಕ್ಕೆ ಉದ್ದನೆಯ ಹೆಸರೇನೋ ಇಟ್ಟಿದ್ದಳು. ವಿದ್ಯಾರ್ಥಿಗಳ ಬಾಯಲ್ಲಿ ಅದು ಸವೆದು ಸವೆದು ಬರೀ "ಮಾದಯ್ಯ" ಆಯಿತು. "ಮಾದಯ್ಯ ಮಾಡಿದ್ಯಾ?" "ಇನ್ನೂ ಮಾದಯ್ಯ ಆಗಿಲ್ಲ, ತಾಳು." ಅಷ್ಟರಲ್ಲಿ ಪುಟ್ಟಮಾದಯ್ಯ ನಿವೃತ್ತರಾಗಿ ಊರಿಗೆ ಹೋಗಿದ್ದರು. ಆ ಹೆಸರಿನ ಒಬ್ಬ ಮನುಷ್ಯ ಇಲ್ಲೇ ನಲ್ಲಿಯ ಹತ್ತಿರ ನನ್ನನ್ನು ತೊಳೆಯುತ್ತಿದ್ದರು ಎಂದು ಹೊಸ ಮಕ್ಕಳಿಗೆ ಗೊತ್ತಿರಲಿಲ್ಲ.

ನನಗೂ ವಯಸ್ಸಾಯಿತು. ಬಟ್ಟೆಯ ಬಿಗಿ ಸಡಿಲಿತು, ಬೆಳ್ಳಿ ಮಾಸಿತು. ತಂತಿಯೇ ಇಲ್ಲದ ಹೊಸ ಟೋಪಿಗಳು ಬಂದವು. ನನ್ನನ್ನು ಬಿಸಾಡಲು ವನಮಾಲಾ ಬಿಡಲಿಲ್ಲ. ಕಿಟಕಿಯ ಪಕ್ಕದ ಕಪಾಟಿನ ಮೇಲೆ ಒಂದು ಥರ್ಮಾಕೋಲ್ ತಲೆಗೆ ತೊಡಿಸಿ ಇಟ್ಟಳು. ಈ ತಲೆಯಲ್ಲಿ ಏನೂ ಕೇಳಿಸುವುದಿಲ್ಲ. ಯಾವ ಗದ್ದಲವೂ ಇಲ್ಲ, ಯಾವ ಮಡಕೆಯನ್ನೂ ಆರಿಸಬೇಕಾಗಿಲ್ಲ. ಮೊದಮೊದಲು ಬೇಸರವಾಗುತ್ತಿತ್ತು. ಈಗ ಕೇಳಿದ ತಲೆಗಳನ್ನೆಲ್ಲ ಒಂದೊಂದಾಗಿ ನೆನೆಯುತ್ತ ಕೂರುತ್ತೇನೆ. ನಂಬಿ ತಲೆ ಕೊಟ್ಟರಲ್ಲ ಅಷ್ಟು ಜನ! ಅವರಿಗೆ ನಾನೇನು ಕೊಟ್ಟೆ, ಎರಡು ಲಾಡು ಮತ್ತು ಕೂದಲು ತುಂಬ ಜೆಲ್.

ಹೋದ ತಿಂಗಳು ಒಂದು ಬೆಳಿಗ್ಗೆ ನನ್ನನ್ನು ಕೊನೆಯ ಸಲ ಕೆಳಗಿಳಿಸಿದರು. ಅರವತ್ತು ದಾಟಿದ ಆರೋಗ್ಯವಂತರು ಹೇಗೆ ನಿರ್ಧರಿಸುತ್ತಾರೆ ಎಂಬ ಹೊಸ ಅಧ್ಯಯನ ನಡೆಯುತ್ತಿತ್ತು. ಹೊಸ ಟೋಪಿ ತೊಳೆದದ್ದು ಇನ್ನೂ ಒಣಗಿರಲಿಲ್ಲ. ಬಂದವರನ್ನು ವಾಪಸ್ ಕಳಿಸಲು ಅಸ್ಮಾ ಎಂಬ ವಿದ್ಯಾರ್ಥಿನಿಗೆ ಮನಸ್ಸಾಗಲಿಲ್ಲ.

"ಹಳೇ ಟೋಪಿ ತೊಡಿಸ್ತೀನಿ, ಪರವಾಗಿಲ್ವಾ ತಾತ? ತಲೆಗೆ ಎಣ್ಣೆ ಹಚ್ಚಿಲ್ಲ ತಾನೆ?"

"ಇಲ್ಲ ಕಣವ್ವ. ನೆನ್ನೆನೇ ಸೀಗೆಕಾಯಿ ಹಾಕಿ ತೊಳ್ಕಂಡು ಬಂದಿವ್ನಿ."

ಆ ದನಿ ಕೇಳಿ ನನ್ನ ಮೂವತ್ತೆರಡು ಬಿಲ್ಲೆಗಳೂ ಜುಮ್ಮೆಂದವು. ಅಷ್ಟು ವರ್ಷ ನನ್ನನ್ನು ತೊಳೆದು, ಒರೆಸಿ, ಹೊಲಿದ ಆ ಮನುಷ್ಯ ಒಮ್ಮೆಯೂ ನನ್ನನ್ನು ತೊಟ್ಟಿರಲಿಲ್ಲ. ತೆಳ್ಳಗಾದ ಬಿಳಿಗೂದಲ ಮೇಲೆ ನಾನು ಕೂತೆ. ನನ್ನ ಹಿಡಿತ ಸಡಿಲವಾಗಿದ್ದರೂ ಆದಷ್ಟು ಬಿಗಿಯಾಗಿ ಅಪ್ಪಿಕೊಂಡೆ.

ಅಸ್ಮಾ ಜೆಲ್ ತುಂಬಿ ಪರದೆಯ ಕಡೆ ತಿರುಗಿದಳು. "ಆಟಕ್ಕೆ ಮುಂಚೆ ಒಂದು ಸಣ್ಣ ಕೆಲಸ ಇದೆ ತಾತ. ನಾವು ಇದಕ್ಕೆ ಮಾದಯ್ಯ ಅಂತೀವಿ."

ನೆತ್ತಿಯಿಂದ ಹಿಂತಲೆಯವರೆಗೆ ಒಂದು ದೊಡ್ಡ ಅಲೆ ಎದ್ದಿತು. ತನ್ನ ಹೆಸರು ಕೇಳಿದವರ ತಲೆಯಲ್ಲಿ ಏಳುವಂಥ ಅಲೆ ಅದು. ಅಸ್ಮಾ ಅದನ್ನು ನೋಡಲಿಲ್ಲ.

"ಏನಂತೀರಿ?"

"ಮಾದಯ್ಯ. ಯಾಕೋ ಗೊತ್ತಿಲ್ಲ, ಮುಂಚಿನಿಂದಲೂ ಹಾಗೇ ಕರೀತಾರೆ. ಬಲಗೈ ಮುಷ್ಟಿ ಬಿಗಿಹಿಡೀರಿ."

ಅವರು ಉಣ್ಣುವ ಕೈಯನ್ನು ನಿಧಾನವಾಗಿ ಬಿಗಿಹಿಡಿದರು.

"ಎಡಗಡೇದು ತಗ್ತಾ?" ಎಂದರು.

"ಹೂಂ ತಾತ, ತಗ್ಗಿತು." ಅಸ್ಮಾ ಥಟ್ಟನೆ ತಿರುಗಿದಳು. "ನಿಮಗೆ ಹೇಗೆ ಗೊತ್ತು?"

ಅವರು ಸುಮ್ಮನೆ ನಕ್ಕರು. ಅವಳು ಮೇಜಿನ ಮೇಲಿದ್ದ ಅರ್ಜಿ ಎತ್ತಿಕೊಂಡಳು. "ನಿಮ್ಮ ಸಹಿ ಓದಕ್ಕೇ ಆಗ್ತಿಲ್ಲ. ಹೆಸರೇನು ತಾತ?"

ಒಳಗೆ ಮನೆಮಂದಿಯೆಲ್ಲ ಎದ್ದು ಕೂತರು. ಒಬ್ಬಳು ಹಳೆಯದನ್ನೆಲ್ಲ ನೆನೆದಳು, ಒಬ್ಬಳು ಬೇಡ ಎಂದಳು, ಒಬ್ಬಳು ಹೇಳು ಎಂದಳು. ಹೇಳುತ್ತಾರೋ ಇಲ್ಲವೋ, ಆ ಸಲವೂ ನನಗೆ ಗೊತ್ತಾಗಲಿಲ್ಲ. ವಯಸ್ಸಾದ ತಲೆ ನಿಧಾನ. ಅವಸರವಿಲ್ಲದೆ ಎಲ್ಲರ ಮಾತನ್ನೂ ಕೇಳಿಸಿಕೊಂಡಿತು.

"ಪುಟ್ಟಮಾದಯ್ಯ," ಎಂದರು.

ಅಸ್ಮಾಳ ಪೆನ್ನು ನಿಂತಿತು. ಅವಳು ಒಮ್ಮೆ ಅವರ ಮುಖ ನೋಡಿದಳು, ಒಮ್ಮೆ ಪರದೆಯ ಮೇಲಿನ ಎಡಗಡೆಯ ಗೆರೆ ನೋಡಿದಳು, ಮೆಲ್ಲಗೆ ಎದ್ದು ನಿಂತಳು. ವನಮಾಲಾ ಮೇಡಂ ಅವರನ್ನು ಕರೆದು ತರುತ್ತೇನೆಂದು ಬಾಗಿಲ ಕಡೆ ಓಡಿದಳು.

"ಆಮೇಲ್ ಕರಿಯವ್ವ," ಎಂದು ಮಾದಯ್ಯ ಹಿಂದಿನಿಂದ ಕೂಗಿದರು. "ಮೊದ್ಲು ಆಟ ಮುಗ್ಸು, ಜೆಲ್ ಒಣಗೋಯ್ತದೆ."